ಮನೆಯ ಹಕ್ಕುಪತ್ರದ ಮೇಲಣ ನಿರ್ಬಂಧಗಳು: ಮರು ಅಡಮಾನಕ್ಕೆ ಮುನ್ನ ಅರಿಯಬೇಕಾದುದು

ಬಸವಾದಿ ಶರಣರು ಗಳಿಕೆಯಲ್ಲಿ ಶುದ್ಧತೆಯನ್ನೂ ಬಳಕೆಯಲ್ಲಿ ಹೊಣೆಗಾರಿಕೆಯನ್ನೂ ಬಯಸಿದರು. ಪ್ರವಚನ ಮಂಟಪದಲ್ಲಿ ನಾವು ಕೇಳುವ ಈ ತತ್ತ್ವ ಮನೆಯ ಕಾಗದಪತ್ರಗಳ ಪೆಟ್ಟಿಗೆಗೂ ಅನ್ವಯಿಸುತ್ತದೆ. ಮನೆಯೆಂಬುದು ಕೇವಲ ಕಲ್ಲು ಗಾರೆಗಳ ಕಟ್ಟಡವಲ್ಲ. ಅದರಲ್ಲಿ ತಂದೆಯ ದುಡಿಮೆ, ತಾಯಿಯ ಆಶ್ರಯ, ಹೆಣ್ಣುಮಕ್ಕಳ ಪಾಲು ಎಲ್ಲವೂ ಸೇರಿರುತ್ತವೆ. ಆದುದರಿಂದ ಅದನ್ನು ಅಡವಿಡುವಾಗ ಯಾರ ಹಕ್ಕನ್ನು ಅಡವಿಡುತ್ತಿದ್ದೇವೆ ಎಂಬ ವಿವೇಕ ಅತ್ಯಗತ್ಯ.

ಒಂದು ಸಂಸ್ಥೆಯಲ್ಲಿರುವ ಗೃಹಸಾಲವನ್ನು ಕಡಿಮೆ ಬಡ್ಡಿಯ ಬೇರೊಂದು ಬ್ಯಾಂಕಿಗೆ ವರ್ಗಾಯಿಸುವುದು ಇಂದು ಸಾಮಾನ್ಯ ಸಂಗತಿ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ವ್ಯಕ್ತಿಗಳಿಂದ ದಂಡ ಪಡೆಯಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿದ ಮೇಲೆ ಈ ದಾರಿ ಸುಗಮವಾಯಿತು. ಆದರೆ ಅರ್ಜಿ ಸಲ್ಲಿಸಿದ ಎಷ್ಟೋ ಕುಟುಂಬಗಳಿಗೆ ಬ್ಯಾಂಕಿನ ವಕೀಲರಿಂದ ಬರುವ ಉತ್ತರ ಒಂದೇ: "ಹಕ್ಕಿನ ಮೇಲೆ ನಿರ್ಬಂಧವಿದೆ, ಸರಿಪಡಿಸಿಕೊಂಡು ಬನ್ನಿ." ಆಗ ಗಾಬರಿಯೂ ಅವಸರವೂ ಒಟ್ಟಿಗೆ ಹುಟ್ಟುತ್ತವೆ. ಅವಸರದಲ್ಲಿ ಹಾಕಿಸಿಕೊಂಡ ಸಹಿಗಳೇ ಮುಂದೆ ಮನೆತನಗಳನ್ನು ಒಡೆಯುತ್ತವೆ.

ಒಂದು ಉದಾಹರಣೆ

ವಿಷಯವು ಮನದಟ್ಟಾಗಲೆಂದು ದಾವಣಗೆರೆಯ ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ತಂದೆ ಸ್ವಂತ ದುಡಿಮೆಯಿಂದ ನಿವೇಶನ ಕೊಂಡು, 1997ರಲ್ಲಿ ಸಹಕಾರ ಸಂಘವೊಂದಕ್ಕೆ ನೋಂದಾಯಿತ ಅಡಮಾನ ಪತ್ರ ಬರೆದುಕೊಟ್ಟು ಮನೆ ಕಟ್ಟಿಸಿದರು. ಸಾಲವನ್ನು ಪೂರ್ತಿ ತೀರಿಸಿದರು. 2009ರಲ್ಲಿ ಉಯಿಲು ಬರೆಯದೆ ಲಿಂಗೈಕ್ಯರಾದರು. ಪತ್ನಿ, ಇಬ್ಬರು ಗಂಡುಮಕ್ಕಳು ಹಾಗೂ 1998ರಲ್ಲಿ ವಿವಾಹವಾದ ಒಬ್ಬ ಮಗಳು ವಾರಸುದಾರರು. 2011ರಲ್ಲಿ ತಾಯಿ ಮತ್ತು ಗಂಡುಮಕ್ಕಳು ಮಾತ್ರ ಸೇರಿ ವಿಭಾಗ ಪತ್ರ ನೋಂದಾಯಿಸಿದರು. ಮನೆ ಹಿರಿಯ ಮಗನಿಗೆ, ತಾಯಿಗೆ ಜೀವಮಾನಪರ್ಯಂತ ಅದರಲ್ಲಿ ವಾಸದ ಹಕ್ಕು ಎಂದು ಬರೆಯಲಾಯಿತು. ಹಿರಿಯ ಮಗ ಆ ಮನೆಯ ಮೇಲೆ ಸಾಲ ಪಡೆದಿದ್ದು, ಈಗ ಅದನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಬಯಸುತ್ತಾನೆ. ಹೊಸ ಬ್ಯಾಂಕಿನ ವಕೀಲರು ಮೂರು ಆಕ್ಷೇಪಗಳನ್ನು ಎತ್ತುತ್ತಾರೆ.

ಮೊದಲನೆಯದು: ತೀರಿದ ಸಾಲ, ಅಳಿಯದ ನಮೂದು

ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ 1997ರ ಅಡಮಾನವು ಇನ್ನೂ ಕಾಣುತ್ತಿದೆ. ಸಾಲ ತೀರಿದೊಡನೆ ನಮೂದು ತಾನಾಗಿ ಅಳಿಸಿಹೋಗುವುದಿಲ್ಲ. ಅಡಮಾನ ಪತ್ರ ನೋಂದಾಯಿತವಾಗಿದ್ದರೆ ಅದರ ವಿಮೋಚನೆಯನ್ನೂ ಬರೆಸಿ ನೋಂದಾಯಿಸಬೇಕು. ಹಣ ಸಂದಾಯ ಮಾಡಿದವನಿಗೆ ಇದನ್ನು ಕೇಳಿ ಪಡೆಯುವ ಹಕ್ಕನ್ನು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 60ನೇ ಪ್ರಕರಣವು ನೀಡುತ್ತದೆ. ಅದರ ವೆಚ್ಚ ಮಾತ್ರ ಸಾಲಗಾರನದು.

ಅಡಮಾನದ ಹಣ ವಸೂಲಿಗೆ 12 ವರ್ಷಗಳ ಕಾಲಮಿತಿಯಿರುವುದು ನಿಜ. ಆದರೆ ಕಾಲ ಮೀರಿತೆಂಬ ಮಾತ್ರಕ್ಕೆ ದಾಖಲೆ ಶುದ್ಧವಾಗದು. ಸಂಘವು ನಡೆಯುತ್ತಿದ್ದರೆ ಅಲ್ಲಿಂದ ಋಣಮುಕ್ತ ಪತ್ರ ಪಡೆದು ವಿಮೋಚನಾ ಪತ್ರ ಬರೆಸಬೇಕು. ಸಮಾಪನಗೊಂಡಿದ್ದರೆ ಸಹಕಾರ ಇಲಾಖೆ ನೇಮಿಸಿದ ಸಮಾಪನಾಧಿಕಾರಿಯನ್ನು ಕಾಣಬೇಕು. ಹಿರಿಯರು ಕಾಯ್ದಿಟ್ಟ ಹಳೆಯ ರಸೀದಿಗಳ ಬೆಲೆ ಆಗ ತಿಳಿಯುತ್ತದೆ.

ಹೊಸ ಸಾಲಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂತಿರುಗಿಸಿ, ನೋಂದಾಯಿಸಿದ ಋಣಭಾರವನ್ನು ತೆಗೆಸಬೇಕೆಂದೂ, ತನ್ನಿಂದ ವಿಳಂಬವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು ಸೆಪ್ಟೆಂಬರ್ 2023ರಲ್ಲಿ ಸಾಲದಾತ ಸಂಸ್ಥೆಗಳಿಗೆ ಆದೇಶಿಸಿದೆ. 1 ಡಿಸೆಂಬರ್ 2023ರಿಂದ ಇದು ಜಾರಿಯಲ್ಲಿದೆ.

ಎರಡನೆಯದು: ಮಗಳ ಪಾಲು

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪವಿದು. ನಮ್ಮ ಸಮಾಜಕ್ಕೆ ಯಾವ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆಂದು ಅನೇಕರು ಕೇಳುವುದುಂಟು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ 2ನೇ ಪ್ರಕರಣದಲ್ಲಿಯೇ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿದೆ. ಅದರಂತೆ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿ ಪತ್ನಿಗೂ ಪ್ರತಿಯೊಬ್ಬ ಮಗನಿಗೂ ಮಗಳಿಗೂ ಸಮನಾಗಿ ಸಲ್ಲುತ್ತದೆ. ನಮ್ಮ ಉದಾಹರಣೆಯ ಮಗಳಿಗೆ ನಾಲ್ಕರಲ್ಲೊಂದು ಪಾಲು. ಅವಳ ವಿವಾಹ ಅದನ್ನು ಕಳೆಯದು. ಅವಳಿಲ್ಲದೆ ಮಾಡಿದ ವಿಭಾಗ ಅವಳನ್ನು ಕಟ್ಟಿಹಾಕದು. ಖಾತೆಯು ಅಣ್ಣನ ಹೆಸರಿಗಿದೆ ಎಂಬುದೂ ಉತ್ತರವಲ್ಲ. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಆಧಾರವಲ್ಲ.

ವಾಸದ ಮನೆಯಲ್ಲಿ ಗಂಡುಮಕ್ಕಳು ಒಪ್ಪುವ ತನಕ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂಬ 23ನೇ ಪ್ರಕರಣವನ್ನು 2005ರ ತಿದ್ದುಪಡಿ ರದ್ದುಗೊಳಿಸಿತು. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳು ಹುಟ್ಟಿನಿಂದಲೇ ಸಮಾನ ಹಕ್ಕುದಾರಳೆಂದು ಅದೇ ತಿದ್ದುಪಡಿ ಹೇಳಿತು. 9 ಸೆಪ್ಟೆಂಬರ್ 2005ರಂದು ತಂದೆ ಬದುಕಿರಬೇಕಾಗಿರಲಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ನಿರ್ಣಯಿಸಿತು.

ಪರಿಹಾರವೇನು? ಅವಳು ತನ್ನ ಪಾಲನ್ನು ಬಿಟ್ಟುಕೊಡಲು ಮನಸಾರೆ ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಹಬ್ಬಕ್ಕೆ ಬಂದಾಗ ಬಿಳಿ ಹಾಳೆಯ ಮೇಲೆ ಪಡೆದ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಬಿಟ್ಟುಕೊಡಲು ಒಪ್ಪದಿದ್ದರೆ ಪಾಲಿನ ಮೌಲ್ಯವನ್ನು ಕೊಟ್ಟು ಬಿಡುಗಡೆ ಪಡೆಯಬಹುದು. ಇಲ್ಲವೇ ಅವಳ ಪಾಲನ್ನು ಒಪ್ಪಿ, ಸಾಲದ ಪತ್ರಗಳಲ್ಲಿ ಅವಳನ್ನೂ ಸೇರಿಸಿಕೊಳ್ಳುವುದಕ್ಕೆ ಬ್ಯಾಂಕನ್ನು ಕೇಳಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. "ಬ್ಯಾಂಕಿಗೆ ಬೇಕಂತೆ, ಒಂದು ಸಹಿ ಹಾಕಮ್ಮ" ಎಂದು ಹೇಳಿ ಅರಿಶಿನ ಕುಂಕುಮದ ಹೆಸರಿನಲ್ಲಿ ಶಾಶ್ವತ ಹಕ್ಕನ್ನು ಬರೆಸಿಕೊಳ್ಳುವುದು ಶರಣಧರ್ಮಕ್ಕೆ ಒಪ್ಪುವ ನಡೆಯಲ್ಲ. ಬಿಡುಗಡೆ ಪತ್ರವು ಸಾಲ ತೀರಿದ ಮೇಲೆ ಹಿಂದಿರುಗುವ ಕಾಗದವಲ್ಲ. ಅದನ್ನು ಅವಳಿಗೆ ಓದಿ ಹೇಳಬೇಕು; ಬಯಸಿದರೆ ತನ್ನದೇ ವಕೀಲರನ್ನು ಕೇಳಲು ಸಮಯ ಕೊಡಬೇಕು. ಸ್ತ್ರೀಪುರುಷ ಭೇದವನ್ನು ಅನುಭವ ಮಂಟಪದಲ್ಲಿ ಅಳಿಸಿದವರ ಪರಂಪರೆ ನಮ್ಮದೆಂದು ಹೇಳಿಕೊಳ್ಳುವ ನಾವು ಅದನ್ನು ನೋಂದಣಿ ಕಚೇರಿಯಲ್ಲಿಯೂ ತೋರಿಸಬೇಕು.

ಮೂರನೆಯದು: ತಾಯಿಯ ವಾಸದ ಹಕ್ಕು

ವಿಭಾಗ ಪತ್ರದಲ್ಲಿ ಬರೆದ ವಾಸದ ಹಕ್ಕನ್ನು ಮಗನೊಬ್ಬನೇ ತೆಗೆದುಹಾಕಲಾರ. ಮನೆ ಅಡಮಾನವಾದರೂ ಅದು ಆ ಹಕ್ಕಿಗೆ ಒಳಪಟ್ಟೇ ಇರುತ್ತದೆ. ಆದುದರಿಂದಲೇ ಬ್ಯಾಂಕುಗಳು ತಾಯಿಯನ್ನು ಸಹ ಅರ್ಜಿದಾರಳನ್ನಾಗಿಯೋ ಜಾಮೀನುದಾರಳನ್ನಾಗಿಯೋ ಸೇರಿಸಿ, ಅವಳ ಲಿಖಿತ ಒಪ್ಪಿಗೆಯನ್ನು ಕೇಳುತ್ತವೆ.

ಆ ಒಪ್ಪಿಗೆಯ ಅರ್ಥ ತಾಯಿಗೆ ತಿಳಿದಿರಬೇಕು. ಕಂತುಗಳು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಸಾಲವು ವಸೂಲಾಗದ ಸಾಲದ ವರ್ಗಕ್ಕೆ ಸೇರುತ್ತದೆ. ಅನಂತರ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಕ್ರಮ ಆರಂಭಿಸಬಹುದು. ಬಡ್ಡಿಯಲ್ಲಿ ಅರ್ಧ ಪ್ರತಿಶತ ಉಳಿಸಲು ಸಾಲವನ್ನು ವರ್ಗಾಯಿಸುವುದು ಬೇರೆ. ಅದೇ ನೆಪದಲ್ಲಿ ವ್ಯಾಪಾರಕ್ಕೆಂದು ಹೆಚ್ಚುವರಿ ಸಾಲ ಪಡೆದು ಮುಪ್ಪಿನ ತಾಯಿಯ ಸೂರನ್ನು ಪಣಕ್ಕೊಡ್ಡುವುದು ಬೇರೆ. ಸಾಲದ ಮೊತ್ತ ಎಷ್ಟು, ಅವಧಿ ಎಷ್ಟು, ಕಟ್ಟುವವರು ಯಾರು ಎಂಬುದನ್ನು ತಾಯಿಯ ಮುಂದಿಟ್ಟೇ ನಿರ್ಧರಿಸಬೇಕು.

ಹೆತ್ತವರು ಪಾಲನೆಯ ಷರತ್ತು ಹಾಕಿ ದಾನಪತ್ರ ಬರೆದ ಮನೆಗಳಲ್ಲಿಯೂ ಇಂತಹ ಎಚ್ಚರಿಕೆ ಬೇಕು. ಷರತ್ತನ್ನು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಪ್ರಕರಣದಂತೆ ನ್ಯಾಯಾಧಿಕರಣವು ಆ ದಾನವನ್ನೇ ಅಸಿಂಧುವೆಂದು ಘೋಷಿಸಬಹುದು.

ಇತರ ನಿರ್ಬಂಧಗಳು

ವಾರಸುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದು ಮನೆಯಲ್ಲಿ ಅವರಿಗೆ ಪ್ರತ್ಯೇಕ ಪಾಲಿದ್ದರೆ, ಅದನ್ನು ಅಡವಿಡಲು ಪೋಷಕರಿಗೆ ನ್ಯಾಯಾಲಯದ ಅನುಮತಿ ಬೇಕು. ಆಸ್ತಿಯ ಬಗೆಗೆ ದಾವೆ ನಡೆಯುತ್ತಿದ್ದರೆ, ಆ ನಡುವೆ ಮಾಡಿದ ವ್ಯವಹಾರ ತೀರ್ಪಿಗೆ ಒಳಪಡುತ್ತದೆ. ಅಭಿವೃದ್ಧಿ ಪ್ರಾಧಿಕಾರದ ಅಥವಾ ಗೃಹಮಂಡಳಿಯ ಹಂಚಿಕೆಯ ನಿವೇಶನವಾದರೆ ಹಂಚಿಕೆ ಪತ್ರದಲ್ಲಿನ ಪರಭಾರೆ ನಿಷೇಧದ ಅವಧಿಯನ್ನು ನೋಡಬೇಕು. ಅವಧಿ ಮುಗಿದಿದ್ದರೆ ಶುದ್ಧ ಕ್ರಯಪತ್ರ ಪಡೆದ ಮೇಲೆಯೇ ಮುಂದುವರಿಯುವುದು ಲೇಸು.

ಅನುಸರಿಸಬೇಕಾದ ಕ್ರಮ

ಹೊಸ ಬ್ಯಾಂಕಿಗೆ ಅರ್ಜಿ ಹಾಕುವ ಮುನ್ನವೇ 30 ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸಿ, ಮೂಲ ಪತ್ರಗಳೊಡನೆ ನಂಬಿಕೆಯ ವಕೀಲರಿಗೆ ತೋರಿಸಿರಿ. ಮೂಲಪತ್ರಗಳು ಈಗಿನ ಸಾಲದಾತರಲ್ಲಿದ್ದರೆ ಅವುಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯಿರಿ. ಪರಿಶೀಲನಾ ಶುಲ್ಕ, ವಕೀಲರ ವೆಚ್ಚ, ಮುದ್ರಾಂಕ ಶುಲ್ಕ ಎಲ್ಲವನ್ನೂ ಕೂಡಿ, ಬಡ್ಡಿಯಲ್ಲಾಗುವ ಉಳಿತಾಯದೊಡನೆ ತೂಗಿ ನೋಡಿರಿ. ವರ್ಗಾವಣೆಯಾದ ಮೇಲೆ ಹಳೆಯ ಅಡಮಾನದ ವಿಮೋಚನೆ ನೋಂದಣಿಯಾಯಿತೇ ಎಂಬುದನ್ನು ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿ ಖಚಿತಪಡಿಸಿಕೊಳ್ಳಿರಿ. ಸಾಲದಾತ ಸಂಸ್ಥೆಗಳ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲಿಯೂ ಹಳೆಯ ನಮೂದು ಮುಕ್ತಾಯವಾಗಿರಬೇಕು.

ಹಕ್ಕುಪತ್ರದ ಮೇಲಣ ನಿರ್ಬಂಧಗಳಲ್ಲಿ ಕೆಲವು ತೀರಿದ ಋಣದ ನೆರಳುಗಳು, ಅವನ್ನು ಅಳಿಸಬೇಕು. ಇನ್ನು ಕೆಲವು ಜೀವಂತ ಮನುಷ್ಯರ ಹಕ್ಕುಗಳು, ಅವನ್ನು ಗೌರವಿಸಬೇಕು. ಈ ಎರಡರ ಭೇದವನ್ನರಿತು ನಡೆದ ಮನೆಯಲ್ಲಿ ಸಾಲವೂ ಹೊರೆಯಾಗದು, ಸಂಬಂಧವೂ ಮುರಿಯದು. ಸಮಾಜಬಾಂಧವರು ಮನೆಮಂದಿಯೆಲ್ಲ ಕುಳಿತು ಒಮ್ಮೆ ತಮ್ಮ ಕಾಗದಪತ್ರಗಳನ್ನು ಓದಿ ನೋಡಲೆಂದು ಆಶಿಸುತ್ತೇವೆ.