ಉರುವಲು ಕುಂದುವ ಕಾಲಕ್ಕೆ ಊರಿನ ಸಿದ್ಧತೆ

ಕಲ್ಲಿದ್ದಲು, ಪೆಟ್ರೋಲು ಮುಂತಾದವು ಭೂಗರ್ಭದಲ್ಲಿ ಕೋಟ್ಯಂತರ ವರ್ಷಗಳಿಂದ ಕೂಡಿಬಂದ ಇಡುಗಂಟು. ತೆಗೆದಷ್ಟೂ ಇವು ಕಡಮೆಯಾಗುವುವಲ್ಲದೆ, ಬಾವಿಯ ಒರತೆಯಂತೆ ಪುನಃ ತುಂಬಿಕೊಳ್ಳಲಾರವು. ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದ ಐದು ಪಾಲುಗಳಲ್ಲಿ ನಾಲ್ಕಕ್ಕಿಂತಲೂ ಹೆಚ್ಚನ್ನು ಪರದೇಶಗಳಿಂದ ತರಿಸಿಕೊಳ್ಳುತ್ತಿರುವುದು. ಅಡಿಗೆಯ ಗ್ಯಾಸಿನಲ್ಲಿಯೂ ಅರ್ಧಕ್ಕೆ ಮಿಕ್ಕಿದ ಭಾಗವು ಹೊರಗಿನದೇ. ಆದುದರಿಂದ ಉರುವಲು ಕುಂದುವ ಕಾಲಕ್ಕೆ ಒಂದು ಊರು ಹೇಗೆ ಸಿದ್ಧವಾಗಬಹುದೆಂಬುದನ್ನು ನಮ್ಮ ನಾಡಿನದೇ ಒಂದು ಹಳ್ಳಿಯ ನಿದರ್ಶನದಿಂದ ವಿವರಿಸಬಯಸುವೆವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆಚಾರ್ಯ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗವು ಏರ್ಪಟ್ಟಿತು. ಹಳ್ಳಿಗರಿಗೆ ಒದಗುವ ಯಂತ್ರೋಪಕರಣಗಳನ್ನು ರೂಪಿಸುವುದೇ ಇದರ ಉದ್ದೇಶ. ಇದರ ವಿದ್ವಾಂಸರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಗೆ ಹೋಗಿ, ಮೊದಲು ಯಂತ್ರವನ್ನು ಹೂಡಲಿಲ್ಲ, ಲೆಕ್ಕವನ್ನು ತೆಗೆದರು. 1977ರಲ್ಲಿ ಅಲ್ಲಿ ಇದ್ದುದು 56 ಮನೆಗಳು, 357 ಜನರು. ಊರಿನ ಉರುವಲಿನಲ್ಲಿ ಬಹುಪಾಲು ಸೌದೆಯೆಂದೂ, ಅದು ಹೆಚ್ಚಾಗಿ ಅಡಿಗೆಗೇ ವೆಚ್ಚವಾಗುವುದೆಂದೂ, ಅದನ್ನು ಆಯ್ದು ತರುವ ಶ್ರಮದಲ್ಲಿ ದೊಡ್ಡ ಪಾಲು ಹೆಂಗಸರದೂ ಮಕ್ಕಳದೂ ಎಂದೂ ಕಂಡುಬಂದಿತು.

ಸೆಗಣಿಯನ್ನು ನೀರಿನಲ್ಲಿ ಕಲಸಿ ಗಾಳಿ ಸೋಕದಂತೆ ಮುಚ್ಚಿದ ತೊಟ್ಟಿಯಲ್ಲಿಟ್ಟರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ಅದು ಕೊಳೆತು, ಉರಿಯುವ ಅನಿಲವನ್ನು ಕೊಡುವುದು. ಉಳಿದ ಬಗ್ಗಡವು ಒಳ್ಳೆಯ ಗೊಬ್ಬರ. ಈ ಅನಿಲದಿಂದ ಊರಿನ ಅಡಿಗೆಯನ್ನೆಲ್ಲ ನಡೆಯಿಸಬೇಕೆಂದು ಮೊದಲು ಯತ್ನಿಸಿದರು. ಆದರೆ ಸೆಗಣಿಯು ಅಷ್ಟಕ್ಕೆ ಸಾಲದೆ ಹೋಯಿತು. ಆಗ ಊರಿನವರು ತಮಗೆ ಮುಖ್ಯವಾಗಿ ಬೇಕಾದುದು ಕುಡಿಯುವ ನೀರೆಂದು ತಿಳಿಸಿದರು. ಅದರಂತೆ 1987ರಿಂದ ಅನಿಲಕ್ಕೆ ಸ್ವಲ್ಪ ಡೀಸೆಲನ್ನು ಕೂಡಿಸಿ ಎಂಜಿನನ್ನು ನಡೆಯಿಸಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯಿಂದ ನೀರನ್ನೆತ್ತಿ, ಮನೆಗಳಿಗೆ ದೀಪವನ್ನೂ ಕೊಟ್ಟರು.

ಇದರಲ್ಲಿ ಯಂತ್ರಕ್ಕಿಂತಲೂ ಹೆಚ್ಚು ಗಮನಿಸತಕ್ಕದ್ದು ಅಲ್ಲಿನ ಕಟ್ಟುಪಾಡು. ತಂದ ಸೆಗಣಿಯನ್ನು ತೂಗಿ ಲೆಕ್ಕವಿಡುತ್ತಿದ್ದರು. ತಂದವರಿಗೆ ಅಲ್ಪ ಕೂಲಿಯೂ, ಅವರ ಹೊಲಕ್ಕೆ ಗೊಬ್ಬರದ ಪಾಲೂ ಸಲ್ಲುತ್ತಿದ್ದವು. ಸೆಗಣಿಯನ್ನು ಕೊಡದೆ ಹೋದರೆ ಎಲ್ಲರ ನೀರೂ ದೀಪವೂ ನಿಂತುಹೋಗುವುವಾದುದರಿಂದ, ಪ್ರತಿಯೊಬ್ಬರ ಸ್ವಂತ ಹಿತವೇ ಊರಿನ ಹಿತವಾಯಿತು.

ಈ ನಿದರ್ಶನದಿಂದ ನಾವು ತಿಳಿಯತಕ್ಕವು ಮೂರು. ಮೊದಲನೆಯದು, ಇರುವುದೆಷ್ಟು, ವೆಚ್ಚವಾಗುವುದೆಷ್ಟು ಎಂಬ ಲೆಕ್ಕ. ಎರಡನೆಯದು, ಎಲ್ಲಕ್ಕೂ ಸಾಲದಿರುವಾಗ ಯಾವುದು ಮೊದಲೆಂಬುದನ್ನು ಬಳಸುವವರನ್ನೇ ಕೇಳಿ ನಿಶ್ಚಯಿಸುವುದು. ಮೂರನೆಯದು, ಕೊಡುವವರಿಗೂ ಪಡೆಯುವವರಿಗೂ ನ್ಯಾಯವಾದ ಏರ್ಪಾಡು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ತಮ್ಮ ಅಡಿಗೆಮನೆಯಿಂದಲೇ ಆರಂಭಿಸಬಹುದು. ತೆರೆದ ಪಾತ್ರೆಯಲ್ಲಿ ಕುದಿಯುತ್ತಿರುವ ನೀರು, ಉರಿಯನ್ನು ಎಷ್ಟು ಹೆಚ್ಚಿಸಿದರೂ ಇನ್ನೂ ಬಿಸಿಯಾಗದು, ಬೇಗ ಆವಿಯಾಗುವುದಷ್ಟೇ. ಆದುದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಳವನ್ನು ಮುಚ್ಚತಕ್ಕದ್ದು. ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಯಿಟ್ಟರೆ ಬೇಗ ಬೇಯುವುವು. ಒಂದು ತಿಂಗಳಿಗೆ ತಗುಲುವ ಗ್ಯಾಸು, ವಿದ್ಯುತ್ತು, ಸೌದೆಗಳ ಲೆಕ್ಕವನ್ನು ಮಗಳ ಕೈಯಿಂದಲೇ ಬರೆಯಿಸಿದರೆ, ಗಣಿತಪಾಠಕ್ಕೂ ಅದು ಒಳ್ಳೆಯ ಅಭ್ಯಾಸ.

ಪೋಷಕರಲ್ಲಿ ನಮ್ಮ ಅರಿಕೆಯೊಂದುಂಟು. ಉರುವಲಾಗಲಿ ನೀರಾಗಲಿ ದುರ್ಲಭವಾದಾಗ, ಅದನ್ನು ತರುವ ಹೊರೆಯು ಮೊದಲು ಬೀಳುವುದು ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆ. ಅವರು ಓದಿನಿಂದ ಕಳೆದುಕೊಂಡ ಗಂಟೆಗಳನ್ನು ಯಾವ ಪರೀಕ್ಷೆಯೂ ಹಿಂದಕ್ಕೆ ಕೊಡದು. ಊರಿನ ಸಿದ್ಧತೆಯನ್ನು ಕುರಿತು ಹಿರಿಯರು ಸಭೆ ಸೇರುವಾಗ, ಈ ಗಂಟೆಗಳನ್ನೂ ವೆಚ್ಚದ ಪಟ್ಟಿಯಲ್ಲಿ ಬರೆದುಕೊಳ್ಳಬೇಕೆಂದು ಬೇಡುವೆವು.