ನಿಮಗಿದು ಗೊತ್ತೇ? ಹಳೇ ಕಂಪ್ಯೂಟರ್, ಸಾಲುಗಟ್ಟಿದ ಫೈಲುಗಳು

ಇವತ್ತು ಹತ್ತು ಫೈಲು ಆಯ್ದು ‘ಪ್ರಿಂಟ್’ ಒತ್ತಿದರೆ ಮುಗಿಯಿತು, ಮುಂದಿನದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. 1980ರ ದಶಕದ ಮನೆ ಕಂಪ್ಯೂಟರುಗಳಲ್ಲಿ ಆ ಸರದಿಯನ್ನು ಬಳಸುವವರೇ ಕಟ್ಟಿಕೊಳ್ಳಬೇಕಿತ್ತು. ಹೇಗೆ ಕಟ್ಟುತ್ತಿದ್ದರು ಗೊತ್ತೇ?

● 1982ರಲ್ಲಿ ಬಂದ ಕಮೊಡೋರ್ 64ರಲ್ಲಿ ಪ್ರತಿ ಉಪಕರಣಕ್ಕೂ ಒಂದು ನಂಬರ್. ಕೀಬೋರ್ಡ್ 0, ಕ್ಯಾಸೆಟ್ 1, ಪರದೆ 3, ಪ್ರಿಂಟರ್ 4 ಅಥವಾ 5, ಡಿಸ್ಕ್ ಡ್ರೈವ್ 8. ಪ್ರಿಂಟ್ ಮಾಡುವುದಕ್ಕೆಂದು ಪ್ರತ್ಯೇಕ ಏರ್ಪಾಡೇನೂ ಇರಲಿಲ್ಲ. 4ನೇ ನಂಬರಿಗೆ ಅಕ್ಷರ ಕಳಿಸಿದರೆ ಅದೇ ಮುದ್ರಣ!

● ಬರೆದ ಪ್ರೋಗ್ರಾಂ ಕಾಗದದ ಮೇಲೆ ಬೇಕೆ? ‘ಓಪನ್ 4,4’ ಎಂದು ದಾರಿ ತೆರೆದು, ‘ಸಿಎಂಡಿ 4’ ಎಂದು ಪರದೆಗೆ ಹೋಗುವುದನ್ನೆಲ್ಲ ಪ್ರಿಂಟರಿನತ್ತ ತಿರುಗಿಸಿ, ‘ಲಿಸ್ಟ್’ ಎಂದರಾಯಿತು. ಕೊನೆಗೆ ‘ಕ್ಲೋಸ್ 4’ ಹೊಡೆಯುವ ಮುನ್ನ ಒಂದು ಖಾಲಿ ‘ಪ್ರಿಂಟ್#4’ ಕಡ್ಡಾಯ. ಅದನ್ನು ಬಿಟ್ಟರೆ ಪ್ರಿಂಟರ್ ಇನ್ನೂ ಏನೋ ಬರಲಿದೆಯೆಂದು ಕಿವಿ ನೆಟ್ಟುಕೊಂಡೇ ಇರುತ್ತಿತ್ತು.

● ಡಿಸ್ಕಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಕಮೊಡೋರ್ ಒಂದು ಬೇಸಿಕ್ ಪ್ರೋಗ್ರಾಮಿನ ರೂಪದಲ್ಲೇ ಕೊಡುತ್ತಿತ್ತು. ‘ಲೋಡ್ "$",8’ ಎಂದರೆ ಪಟ್ಟಿ ಬರುತ್ತದೆ. ಪ್ರತಿ ಫೈಲು ಎಷ್ಟು ಬ್ಲಾಕ್ ಹಿಡಿದಿದೆಯೋ ಅದೇ ಆ ಸಾಲಿನ ನಂಬರ್. ತೊಂದರೆ ಒಂದೇ: ಮೆಮೊರಿಯಲ್ಲಿದ್ದ ನಿಮ್ಮ ಪ್ರೋಗ್ರಾಂ ಅಳಿಸಿಹೋಗಿ ಆ ಜಾಗದಲ್ಲಿ ಈ ಪಟ್ಟಿ ಕೂತಿರುತ್ತದೆ. ಮೊದಲು ಸೇವ್, ಆಮೇಲೆ ಪಟ್ಟಿ!

● ಹಾಗಾಗಿ ಹಲವು ಫೈಲುಗಳನ್ನು ಒಟ್ಟಿಗೆ ಮುದ್ರಿಸುವ ಯುಟಿಲಿಟಿಗಳು ಪಟ್ಟಿಯನ್ನು ಲೋಡ್ ಮಾಡದೆ, ಮಾಮೂಲಿ ಫೈಲಿನಂತೆ ತೆರೆದು ಒಂದೊಂದೇ ಬೈಟ್ ಓದಬೇಕಿತ್ತು. ಹೆಸರುಗಳನ್ನು ಹೆಕ್ಕಿ, ಪ್ರತಿಯೊಂದಕ್ಕೂ ‘ಬೇಕೇ, ಬೇಡವೇ’ ಎಂದು ಕೇಳಿ, ಬೇಕೆಂದವನ್ನು ಸಾಲಾಗಿ ಜೋಡಿಸಿಕೊಂಡು ಒಂದಾದ ಮೇಲೊಂದು ಪ್ರಿಂಟರಿಗೆ ಬಿಟ್ಟರೆ ಬ್ಯಾಚ್ ಸಿದ್ಧ.

● ಈ ಕೆಲಸದ ತಿರುಳು ಮೂರೇ ಮಾತು: ಒಂದು ಅಕ್ಷರ ಓದು, ಪ್ರಿಂಟರಿಗೆ ಕಳಿಸು, ಫೈಲು ಮುಗಿಯಿತೇ ನೋಡು. ಮುಗಿದರೆ ‘ಎಸ್‌ಟಿ’ ಎಂಬ ಚರಾಕ್ಷರದಲ್ಲಿ 64 ಬರುತ್ತದೆ. ಆದರೆ ಪ್ರಿಂಟರಿಗೆ ಕಳಿಸಿದ ತಕ್ಷಣ ಅದೇ ಎಸ್‌ಟಿ ಪ್ರಿಂಟರಿನ ಸುದ್ದಿ ಹೇಳತೊಡಗುತ್ತದೆ! ಓದಿದ ಕೂಡಲೇ ಎಸ್‌ಟಿಯನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಳ್ಳದಿದ್ದರೆ ಫೈಲಿನ ಕೊನೆ ಎಂದೂ ಸಿಗದು.

● ಕಮೊಡೋರಿನ ಅಕ್ಷರ ಸಂಕೇತಗಳು ಜಗತ್ತಿನದಲ್ಲ, ಅದರದ್ದೇ. ಅದಕ್ಕೆ ಪೆಟ್‌ಸ್ಕಿ ಎಂದು ಹೆಸರು. ಉಳಿದವರು ಬಳಸುವ ಆಸ್ಕಿ ಸಂಕೇತದಲ್ಲಿ 65ರಿಂದ 90 ದೊಡ್ಡಕ್ಷರವಾದರೆ, ಪೆಟ್‌ಸ್ಕಿಯ ಪಠ್ಯ ಕ್ರಮದಲ್ಲಿ ಅವೇ ಸಂಖ್ಯೆಗಳು ಸಣ್ಣಕ್ಷರ. ಅನುವಾದಿಸದೆ ಬೇರೆ ಕಂಪನಿಯ ಪ್ರಿಂಟರಿಗೆ ಕಳಿಸಿದರೆ ಸಣ್ಣದೆಲ್ಲ ದೊಡ್ಡದಾಗಿ ಅಚ್ಚಾಗುತ್ತಿತ್ತು.

● ಕಮೊಡೋರ್ 1525 ಪ್ರಿಂಟರಿನ ವೇಗ ಸೆಕೆಂಡಿಗೆ 30 ಅಕ್ಷರ. ಎಂಪಿಎಸ್-801ರದ್ದು 50. ಸುಮಾರು 170 ಕಿಲೋಬೈಟ್ ಹಿಡಿಯುವ ಒಂದು ಡಿಸ್ಕಿನ ತುಂಬ ಪಠ್ಯವಿದ್ದರೆ 1525ಕ್ಕೆ ಒಂದೂವರೆ ಗಂಟೆಗೂ ಮೀರಿ ಕೆಲಸ. ಒಂದೊಂದೇ ಫೈಲಿನ ಹೆಸರು ಕುಟ್ಟುತ್ತಾ ಅಷ್ಟು ಹೊತ್ತು ಯಾರು ಕೂರುತ್ತಾರೆ? ಬ್ಯಾಚ್ ಯುಟಿಲಿಟಿ ಬೇಕಾದದ್ದು ಇದಕ್ಕೇ.

● ಅದೇ ಎಂಪಿಎಸ್-801ರಲ್ಲಿ ಇಂಗ್ಲಿಷಿನ ಜಿ, ಪಿ, ವೈ ಸಣ್ಣಕ್ಷರಗಳ ಬಾಲ ಸಾಲಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಒಂದು ಅಕ್ಷರಕ್ಕೆ ಇದ್ದದ್ದು 6x7 ಚುಕ್ಕಿ ಮಾತ್ರ, ಬಾಲಕ್ಕೆ ಜಾಗವೆಲ್ಲಿ?

● ಕಮೊಡೋರ್ 1541 ಡಿಸ್ಕ್ ಡ್ರೈವಿನೊಳಗೆ ಅದರದ್ದೇ 6502 ಪ್ರೊಸೆಸರ್, 2 ಕಿಲೋಬೈಟ್ ರ‍್ಯಾಮ್ ಇತ್ತು. ಡ್ರೈವ್, ಪ್ರಿಂಟರ್ ಎರಡೂ ಒಂದೇ ತಂತಿಯಲ್ಲಿ ಸರಪಳಿಯಾಗಿ ಕೂತಿದ್ದವು. ಡ್ರೈವಿಗೆ ‘ನೀನು ಮಾತಾಡು’, ಪ್ರಿಂಟರಿಗೆ ‘ನೀನು ಕೇಳು’ ಎಂದು ಹೇಳಿ ಕಂಪ್ಯೂಟರ್ ಪಕ್ಕಕ್ಕೆ ಸರಿದರೆ, ಫೈಲು ನೇರವಾಗಿ ಡಿಸ್ಕಿನಿಂದ ಕಾಗದಕ್ಕೆ ಇಳಿಯುತ್ತಿತ್ತು!

● ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಪ್ರಿಂಟರಿಗೆ (1981) ಶಾಯಿಯೇ ಬೇಡ. ಅಲ್ಯೂಮಿನಿಯಂ ಲೇಪದ ಕಾಗದವನ್ನು ವಿದ್ಯುತ್ ಕಿಡಿಯಿಂದ ಸುಟ್ಟು ಅಕ್ಷರ ಮೂಡಿಸುತ್ತಿತ್ತು. ಕಾಗದದ ಅಗಲ 4 ಇಂಚು, ಸಾಲಿಗೆ 32 ಅಕ್ಷರ.

● ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-99/4ಎ ಕಂಪ್ಯೂಟರಿನ ಡಿಸ್ಕುಗಳಲ್ಲಿ ಫೈಲುಗಳ ಪಟ್ಟಿ ಯಾವಾಗಲೂ ಅಕಾರಾದಿಯಲ್ಲೇ ಇರುತ್ತಿತ್ತು. ಬೇಗ ಹುಡುಕಲೆಂದು ಮಾಡಿದ ಏರ್ಪಾಡು ಅದು. ಪಟ್ಟಿಯ ಕ್ರಮದಲ್ಲೇ ಬ್ಯಾಚ್ ಓಡಿಸಿದರೆ ಮುದ್ರಿತ ಪ್ರತಿಗಳೂ ಅಕಾರಾದಿಯಲ್ಲೇ ಬಂದು ಬೀಳುತ್ತಿದ್ದವು.

● ಆ್ಯಪಲ್ 2ರಲ್ಲಿ ‘ಪಿಆರ್#1’ ಎಂದರೆ 1ನೇ ಸ್ಲಾಟಿನ ಪ್ರಿಂಟರಿಗೆ ಅಕ್ಷರ ಹರಿಯುತ್ತದೆ. ಕೈತಪ್ಪಿ ‘ಪಿಆರ್#6’ ಒತ್ತಿದರೆ? ಸಾಮಾನ್ಯವಾಗಿ 6ನೇ ಸ್ಲಾಟಿನಲ್ಲಿರುವುದು ಡಿಸ್ಕ್ ಡ್ರೈವ್. ಕಂಪ್ಯೂಟರ್ ಹೊಸದಾಗಿ ಬೂಟ್ ಆಗಿ, ಸೇವ್ ಮಾಡದ ಕೆಲಸಕ್ಕೆ ಎಳ್ಳುನೀರು.

● ಬಿಬಿಸಿ ಮೈಕ್ರೋದಲ್ಲಿ (1981) ‘ವಿಡಿಯು 2’ ಎಂದರೆ ಪ್ರಿಂಟರ್ ಚಾಲೂ, ‘ವಿಡಿಯು 3’ ಎಂದರೆ ಬಂದ್. ಬ್ಯಾಚ್ ಕೆಲಸಕ್ಕೆ ‘*ಎಕ್ಸೆಕ್’ ಎಂಬ ಆಜ್ಞೆ: ಒಂದು ಫೈಲಿನಲ್ಲಿ ಬರೆದಿಟ್ಟದ್ದನ್ನೆಲ್ಲ ಯಾರೋ ಕೀಬೋರ್ಡಿನಲ್ಲಿ ಟೈಪ್ ಮಾಡುತ್ತಿದ್ದಾರೆ ಎಂಬಂತೆ ಯಂತ್ರ ನಡೆಸಿಕೊಡುತ್ತಿತ್ತು. ಆ ಫೈಲಿಗೆ ‘!ಬೂಟ್’ ಎಂದು ಹೆಸರಿಟ್ಟು ಡಿಸ್ಕನ್ನು ಅದಕ್ಕೆ ಹೊಂದಿಸಿಟ್ಟರೆ, ಶಿಫ್ಟ್ ಹಿಡಿದು ಬ್ರೇಕ್ ಕೀ ಒತ್ತಿದರಾಯಿತು, ಮುದ್ರಣ ಶುರು.

● ಬಿಬಿಸಿ ಮೈಕ್ರೋ ತಾನಾಗಿ 10ನೇ ಸಂಕೇತವನ್ನು, ಅಂದರೆ ‘ಮುಂದಿನ ಸಾಲಿಗೆ ಇಳಿ’ ಎಂಬುದನ್ನು, ಪ್ರಿಂಟರಿಗೆ ಕಳಿಸುತ್ತಲೇ ಇರಲಿಲ್ಲ. ಹಲವು ಪ್ರಿಂಟರುಗಳು ಸಾಲು ಮುಗಿದೊಡನೆ ತಾವೇ ಇಳಿಯುತ್ತಿದ್ದವು. ಹಾಗೆ ಇಳಿಯದ ಪ್ರಿಂಟರ್ ಸಿಕ್ಕರೆ ಇಡೀ ಪುಟ ಒಂದೇ ಸಾಲಿನ ಮೇಲೆ ಅಚ್ಚಾಗಿ ಕಪ್ಪು ಪಟ್ಟಿ! ಮದ್ದು: ‘*ಎಫ್‌ಎಕ್ಸ್ 6,0’.

● ಈ ಬಿಬಿಸಿ ಮೈಕ್ರೋ ಭಾರತದ ಶಾಲೆಗಳಿಗೂ ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಮಕ್ಕಳ ಮುಂದೆ ಕೂತಿದ್ದು ಇದೇ ಯಂತ್ರ.

● ಸಿಪಿ/ಎಂ 2.2 ಎಂಬ ಆ ಕಾಲದ ಆಪರೇಟಿಂಗ್ ಸಿಸ್ಟಂನಲ್ಲಿ ಬ್ಯಾಚ್ ಓಡಿಸಲು ‘ಸಬ್ಮಿಟ್’ ಎಂಬ ಆಜ್ಞೆಯಿತ್ತು. ಅದು ನಿಮ್ಮ ಆಜ್ಞೆಗಳನ್ನು ಒಂದು ತಾತ್ಕಾಲಿಕ ಫೈಲಿಗೆ ತಿರುವುಮುರುವಾಗಿ ಬರೆಯುತ್ತಿತ್ತು, ಕೊನೆಯದು ಮೊದಲು! ಯಾಕೆ? ಫೈಲಿನ ತುದಿಯಿಂದ ಒಂದೊಂದೇ ಆಜ್ಞೆ ಓದಿ, ಆ ತುದಿಯನ್ನು ಕತ್ತರಿಸುತ್ತಾ ಬರುವುದು ಸುಲಭ.

● ಅಲ್ಲೇ ‘ಪಿಪ್ ಎಲ್‌ಎಸ್‌ಟಿ:=’ ಎಂದು ಬರೆದು, ಮುಂದೆ ಅಲ್ಪವಿರಾಮ ಹಾಕುತ್ತಾ ಫೈಲುಗಳ ಹೆಸರು ಕೊಟ್ಟರೆ ಎಲ್ಲವೂ ಸಾಲಾಗಿ ಮುದ್ರಣವಾಗುತ್ತಿದ್ದವು. ಎಲ್‌ಎಸ್‌ಟಿ ಬದಲು ‘ಪಿಆರ್‌ಎನ್’ ಎಂದರೆ ಪ್ರತಿ ಸಾಲಿಗೂ ನಂಬರ್, 60 ಸಾಲಿಗೊಮ್ಮೆ ಹೊಸ ಪುಟ, ಎರಡೂ ಪುಕ್ಕಟೆ.

● 60 ಸಾಲೇ ಏಕೆ? 11 ಇಂಚಿನ ಮಡಿಕೆ ಕಾಗದದಲ್ಲಿ ಇಂಚಿಗೆ 6ರಂತೆ 66 ಸಾಲು ಹಿಡಿಸುತ್ತವೆ. ಹರಿಯುವ ಗೆರೆಯ ಆಚೀಚೆ ಒಟ್ಟು 6 ಸಾಲು ಖಾಲಿ ಬಿಟ್ಟರೆ ಅಕ್ಷರಗಳು ಅರ್ಧಕ್ಕೆ ತುಂಡಾಗುವುದಿಲ್ಲ. ಫೈಲಿಗೂ ಫೈಲಿಗೂ ನಡುವೆ 12ನೇ ಸಂಕೇತ ಕಳಿಸುವುದು ಬ್ಯಾಚ್ ಮುದ್ರಣದ ಮೊದಲ ಶಿಸ್ತು. ಅದು ಗೊತ್ತಿರುವ ಪ್ರಿಂಟರ್ ಕಾಗದವನ್ನು ಹೊಸ ಪುಟಕ್ಕೆ ತಳ್ಳುತ್ತದೆ. ಗೊತ್ತಿಲ್ಲದಿದ್ದರೆ ಪ್ರೋಗ್ರಾಮೇ ಸಾಲು ಎಣಿಸಬೇಕು.

● ಎಪ್ಸನ್ ಪ್ರಿಂಟರಿಗೆ 15ನೇ ಸಂಕೇತ ಕೊಟ್ಟರೆ ಅಕ್ಷರಗಳು ಕಿರಿದಾಗಿ, 80 ಅಕ್ಷರದ ಸಾಲಿನಲ್ಲಿ 132 ಕೂರುತ್ತವೆ. 18 ಕೊಟ್ಟರೆ ಮತ್ತೆ ಮೊದಲಿನಂತೆ. ಒಂದು ಫೈಲಿನಲ್ಲಿ 15 ಇದ್ದು 18 ಇಲ್ಲದಿದ್ದರೆ ಸರದಿಯಲ್ಲಿರುವ ಮುಂದಿನ ಫೈಲುಗಳೂ ಕಿರಿದಾಗಿಯೇ ಬರುತ್ತವೆ. ಅದಕ್ಕೇ ಜಾಣ ಯುಟಿಲಿಟಿಗಳು ಪ್ರತಿ ಫೈಲಿಗೆ ಮೊದಲು ‘ಎಸ್ಕೇಪ್ @’ ಕಳಿಸಿ ಪ್ರಿಂಟರನ್ನು ಯಥಾಸ್ಥಿತಿಗೆ ತರುತ್ತಿದ್ದವು.

● ಈ ಪ್ರಿಂಟರುಗಳೊಳಗೆ ಕನ್ನಡ ಅಕ್ಷರಗಳು ಇರಲಿಲ್ಲ. ಕನ್ನಡ ಬೇಕೆಂದರೆ ಚುಕ್ಕಿಗಳ ಚಿತ್ರವಾಗಿಯೇ ಕಳಿಸಬೇಕು. ತಲೆಕಟ್ಟು, ನಡು, ಕೆಳಗಿನ ಒತ್ತು ಎಲ್ಲ ಸೇರಿದರೆ 9 ಪಿನ್ನಿನ ಮುದ್ರಣ ತಲೆಯ ಒಂದು ಓಟ ಸಾಲದು; ಒಂದೇ ಸಾಲಿಗಾಗಿ ಅದು ಮತ್ತೆ ಓಡಬೇಕು.

● ಆಮ್‌ಸ್ಟ್ರಾಡ್ ಪಿಸಿಡಬ್ಲ್ಯು 8256 (1985) ಪ್ರಿಂಟರಿನ ಸಮೇತವೇ ಮಾರಾಟವಾಗುತ್ತಿತ್ತು. ಪ್ರಿಂಟರನ್ನು ನಡೆಸುವ ಎಲೆಕ್ಟ್ರಾನಿಕ್ಸ್ ಕಂಪ್ಯೂಟರಿನೊಳಗೇ ಇದ್ದುದರಿಂದ, ಆ ಪ್ರಿಂಟರನ್ನು ಬೇರೆ ಕಂಪ್ಯೂಟರಿಗೆ ಜೋಡಿಸುವಂತಿರಲಿಲ್ಲ.

● ಕೈಯಿಂದ ಕಟ್ಟುವ ಈ ಸರದಿಯನ್ನು ಪಿಸಿಗಳ ಆಪರೇಟಿಂಗ್ ಸಿಸ್ಟಂ ಆದ 1983ರ ಡಾಸ್ 2.0 ತಾನೇ ವಹಿಸಿಕೊಂಡಿತು. ಅದರ ‘ಪ್ರಿಂಟ್’ ಆಜ್ಞೆ 10 ಫೈಲುಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಹಿನ್ನೆಲೆಯಲ್ಲಿ ಮುದ್ರಿಸುತ್ತಿದ್ದರೆ, ನೀವು ಬೇರೆ ಕೆಲಸ ಮಾಡಿಕೊಳ್ಳಬಹುದಿತ್ತು. ಮುಂದಿನ ಆವೃತ್ತಿಗಳಲ್ಲಿ ಸರದಿಯನ್ನು 32ರವರೆಗೆ ಹಿಗ್ಗಿಸಬಹುದಿತ್ತು.

● ಡಾಸ್‌ಗೂ ಪ್ರಿಂಟರ್ ಎಂದರೆ ‘ಪಿಆರ್‌ಎನ್’ ಎಂಬ ಹೆಸರಿನ ಒಂದು ಫೈಲು ಇದ್ದಂತೆ. ಆ ಹೆಸರಿಗೆ ಕಾಪಿ ಮಾಡಿದ್ದೆಲ್ಲ ಕಾಗದಕ್ಕೆ. ವಿಂಡೋಸ್ ಈ ಹೆಸರನ್ನು ಇಂದಿಗೂ ಕಾದಿರಿಸಿಕೊಂಡಿದೆ. ನಂಬಿಕೆ ಬಾರದಿದ್ದರೆ ಹೊಸ ಫೋಲ್ಡರ್ ತೆರೆದು ಆ ಮೂರು ಇಂಗ್ಲಿಷ್ ಅಕ್ಷರಗಳ ಹೆಸರಿಡಲು ಹೋಗಿ ನೋಡಿ, ಕಂಪ್ಯೂಟರ್ ಒಪ್ಪುವುದಿಲ್ಲ!