ಪಕ್ಕದ ಬೆಂಚಿನ ಗೆಳೆಯ

ಶಾಲೆಗಳು ಮತ್ತೆ ತೆರೆದಿವೆ. ಹೊಸ ಪುಸ್ತಕ, ಯೂನಿಫಾರ್ಮ್, ಫೀಸು, ವ್ಯಾನಿನ ಬಾಡಿಗೆ ಎಂದು ಹೆತ್ತವರು ಲೆಕ್ಕ ಹಾಕುತ್ತಿದ್ದಾರೆ. ಈ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮಾತ್ರ ಉಳಿದುಹೋಗುತ್ತದೆ. ನಮ್ಮ ಮಗುವಿನ ತರಗತಿಯಲ್ಲಿ ಎಲ್ಲರ ಗೇಲಿಗೆ ಗುರಿಯಾದ ಮಗು ಯಾವುದು? ಆ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ?

ಅಂಥ ಒಂದು ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಮಾತು ತೊದಲುವ ಮಗು, ಕಾಲೆಳೆದು ನಡೆಯುವ ಮಗು, ಓದಲು ಅಕ್ಷರಗಳೇ ಕೂಡಿಬಾರದ ಮಗು, ಕೂಲಿ ಹುಡುಕಿಕೊಂಡು ದೂರದ ಊರಿಂದ ಬಂದವರ ಮಗು, ಉಳಿದವರಿಗಿಂತ ಬೇರೆ ಧರ್ಮದ ಮಗು. ಕಾರಣ ಬೇರೆ ಬೇರೆ, ನೋವು ಮಾತ್ರ ಒಂದೇ. ಇಂಥ ಮಗುವಿನ ಜೊತೆ ನಿಲ್ಲುವ ಗೆಳೆಯ ಹೇಗೆ ತಯಾರಾಗುತ್ತಾನೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ರಾಮೇಶ್ವರದ ತರಗತಿ

ನಮ್ಮ ಮನೆಗಳಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್ ಅವರ ಹೆಸರು ತಿಳಿಯದ ಮಕ್ಕಳಿಲ್ಲ. ಯುವ ವಿಜ್ಞಾನಿಯಾಗಿ ನಮ್ಮ ಬೆಂಗಳೂರಿನಲ್ಲೇ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ರೂಪಿಸಿದವರು, ಮುಂದೆ 2002ರಿಂದ 2007ರವರೆಗೆ ರಾಷ್ಟ್ರಪತಿಯಾಗಿದ್ದವರು. 1999ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರು ಬಾಲ್ಯದ ಒಂದು ಘಟನೆಯನ್ನು ಹೇಳಿದ್ದಾರೆ.

ಕಲಾಮ್ ಆಗ ರಾಮೇಶ್ವರದ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ. ತಲೆಯ ಮೇಲೆ ಟೋಪಿ. ಮುಂದಿನ ಸಾಲಿನಲ್ಲಿ ಅವರ ಪಕ್ಕ ಕೂರುತ್ತಿದ್ದವನು ಜನಿವಾರ ಧರಿಸಿದ ರಾಮನಾಥ ಶಾಸ್ತ್ರಿ, ರಾಮೇಶ್ವರ ದೇವಸ್ಥಾನದ ಪ್ರಧಾನ ಅರ್ಚಕರಾದ ಪಕ್ಷಿ ಲಕ್ಷ್ಮಣ ಶಾಸ್ತ್ರಿಗಳ ಮಗ. ಹೊಸದಾಗಿ ಬಂದ ಮೇಷ್ಟ್ರಿಗೆ ಈ ಜೋಡಿ ಸಹಿಸಲಿಲ್ಲ. ಅವರು ಕಲಾಮ್‌ರನ್ನು ಎಬ್ಬಿಸಿ ಹಿಂದಿನ ಬೆಂಚಿಗೆ ಕಳುಹಿಸಿದರು. ಕಲಾಮ್‌ಗೆ ದುಃಖವಾಯಿತು. ಆದರೆ ಜೀವನವಿಡೀ ಅವರ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ದೃಶ್ಯ: ಮುಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದ ರಾಮನಾಥನ ಮುಖ.

ಶಾಲೆ ಬಿಟ್ಟ ಮೇಲೆ ಇಬ್ಬರೂ ತಂತಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರು. ಲಕ್ಷ್ಮಣ ಶಾಸ್ತ್ರಿಗಳು ಮೇಷ್ಟ್ರನ್ನು ಕರೆಸಿದರು. ಮುಗ್ಧ ಮಕ್ಕಳ ಮನಸ್ಸಿನಲ್ಲಿ ಭೇದಭಾವದ ವಿಷ ಬಿತ್ತಬಾರದೆಂದು ಮಕ್ಕಳ ಎದುರಿಗೇ ಹೇಳಿ, ಕ್ಷಮೆ ಕೇಳಿ ಇಲ್ಲವೇ ಶಾಲೆಯನ್ನೂ ಊರನ್ನೂ ಬಿಡಿ ಎಂದು ಖಡಾಖಂಡಿತವಾಗಿ ತಿಳಿಸಿದರು. ಮೇಷ್ಟ್ರು ಪಶ್ಚಾತ್ತಾಪಪಟ್ಟರು. ಅಷ್ಟೇ ಅಲ್ಲ, ಅವರ ಸ್ವಭಾವವೇ ಬದಲಾಯಿತು ಎಂದು ಕಲಾಮ್ ಬರೆದಿದ್ದಾರೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಕಲಾಮ್ ಕೂತಿದ್ದ ಹಿಂದಿನ ಬೆಂಚಿನಿಂದಲೇ ಓದುತ್ತೇವೆ. ಒಮ್ಮೆ ಮುಂದಿನ ಸಾಲಿನಿಂದ ಓದಿ ನೋಡಿ. ಹತ್ತು ವರ್ಷದ ಆಸುಪಾಸಿನ ಹುಡುಗ ಮೇಷ್ಟ್ರ ಎದುರು ವಾದಿಸಲಾರ. ರಾಮನಾಥ ಮಾಡಿದ್ದು ಎರಡೇ ಕೆಲಸ: ಗೆಳೆಯನ ಅವಮಾನವನ್ನು ತನ್ನದೆಂದು ತಿಳಿದು ಅತ್ತ, ಅದನ್ನು ಮನೆಗೆ ತಂದು ಹೇಳಿದ. ಮಗುವಿನಿಂದ ಆಗುವುದು ಅಷ್ಟು. ಉಳಿದದ್ದು ಅವನ ತಂದೆಯ ಪಾಲಿನ ಕೆಲಸ. “ನಿನಗ್ಯಾಕೆ ಊರ ಉಸಾಬರಿ, ನಿನ್ನ ಪಾಡಿಗೆ ನೀನು ಓದು” ಎಂದು ಆ ತಂದೆ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹುಡುಗ ಮುಂದಿನ ಸಲ ಅಳುವುದನ್ನೂ ಬಿಡುತ್ತಿದ್ದ.

ಹಾಗಾಗಿ ಇದು ಇಬ್ಬರ ಕಥೆ. ಗೆಳೆಯನ ಪರ ನಿಂತ ಮಗನ ಬೆನ್ನಿಗೆ ನಿಂತ ತಂದೆಯೂ ಇದರಲ್ಲಿದ್ದಾರೆ.

ನಕ್ಕವರಿಗೂ ನೆರವು

ದಬ್ಬಾಳಿಕೆಗೆ ಒಳಗಾದ ಸಹೋದರನಿಗೂ, ದಬ್ಬಾಳಿಕೆ ಮಾಡುವ ಸಹೋದರನಿಗೂ ನೆರವಾಗಬೇಕೆಂದು ಪ್ರವಾದಿ(ಸ) ಕಲಿಸಿದ್ದು ಬುಖಾರಿಯ ಹದೀಸಿನಲ್ಲಿದೆ. ಅಕ್ರಮಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದಾಗ, ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಅವರು ವಿವರಿಸಿದರು. ರಾಮೇಶ್ವರದಲ್ಲಿ ಲಕ್ಷ್ಮಣ ಶಾಸ್ತ್ರಿಗಳು ಮೇಷ್ಟ್ರಿಗೆ ಮಾಡಿದ್ದು ಇಂಥ ನೆರವನ್ನೇ.

ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರ ಕಾಲುಗಳು ಬಹಳ ತೆಳ್ಳಗಿದ್ದವು. ಒಮ್ಮೆ ಮಿಸ್ವಾಕಿನ ಕಡ್ಡಿಗಾಗಿ ಅವರು ಮರ ಹತ್ತಿದಾಗ ಗಾಳಿಗೆ ಬಟ್ಟೆ ಸರಿದು ಕಾಲು ಕಂಡಿತು, ಜೊತೆಯಲ್ಲಿದ್ದವರು ನಕ್ಕರು. ನಕ್ಕವರು ವೈರಿಗಳಲ್ಲ, ಸಂಗಡಿಗರೇ. ಪ್ರವಾದಿ(ಸ) ಅದನ್ನು ತಮಾಷೆಯೆಂದು ಬಿಡಲಿಲ್ಲ. ನಗುವುದೇಕೆಂದು ಕೇಳಿದರು, ಆ ಕಾಲುಗಳು ಅಂತ್ಯದಿನದ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವಾಗಿರುತ್ತವೆ ಎಂದರು. ಒಂದೇ ಮಾತಿನಲ್ಲಿ ಗೇಲಿಯೂ ನಿಂತಿತು, ನೊಂದವರ ಮಾನವೂ ಉಳಿಯಿತು. ಒಬ್ಬರನ್ನೊಬ್ಬರು ಹಾಸ್ಯ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಃ ಅಲ್ ಹುಜುರಾತ್‌ನ 11ನೇ ಆಯತ್ ನಿಷೇಧಿಸಿದೆ. ನಮ್ಮ ಗಲ್ಲಿಗಳಲ್ಲಿ ಸಲೀಸಾಗಿ ಬಾಯಿಗೆ ಬರುವ ‘ಲಂಗ್ಡಾ’, ‘ತೋತ್ಲಾ’ ಎಂಬ ಹೆಸರುಗಳನ್ನು ಈ ಬೆಳಕಿನಲ್ಲಿ ಕೇಳಿಸಿಕೊಳ್ಳಬೇಕು.

ಇಂದಿನ ಶಿಕ್ಷಣ ತಜ್ಞರೂ ಸುತ್ತ ನಿಂತವರ ಕಡೆಗೇ ಬೆರಳು ತೋರಿಸುತ್ತಾರೆ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಒಂದು ಮಗುವನ್ನು ಕಾಡಿಸುವಾಗ ತರಗತಿಯ ಉಳಿದವರೂ ಒಂದೊಂದು ಪಾತ್ರ ವಹಿಸುತ್ತಾರೆ. ಕೆಲವರು ಕೈ ಸೇರಿಸುತ್ತಾರೆ, ಕೆಲವರು ನಕ್ಕು ಹುರಿದುಂಬಿಸುತ್ತಾರೆ, ಕೆಲವರು ದೂರ ಸರಿಯುತ್ತಾರೆ, ಕೆಲವರು ರಕ್ಷಣೆಗೆ ನಿಲ್ಲುತ್ತಾರೆ. ಕಾಡಿಸುವವನಿಗೆ ಬೇಕಾದದ್ದು ಪ್ರೇಕ್ಷಕರ ನಗು. ಅದು ಸಿಗದಿದ್ದರೆ ಅವನ ಆಟಕ್ಕೆ ರುಚಿಯಿಲ್ಲ. ಈ ತಿಳಿವಿನ ಮೇಲೆಯೇ ಅಲ್ಲಿನ ಶಾಲೆಗಳಲ್ಲಿ ‘ಕಿವಾ’ ಎಂಬ ಕಾರ್ಯಕ್ರಮ ನಡೆಯುತ್ತಿದೆ.

ನಮ್ಮ ಪೇಟೆಯಲ್ಲಿ ಹಿಂದಿನ ಬೆಂಚು ಯಾರದು?

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ಬೆಳೆದವು. ಅಂದಿನಿಂದಲೂ ಇಲ್ಲಿ ಹಲವು ಬಗೆಯ ಮನೆಗಳ ಮಕ್ಕಳು ಒಂದೇ ಬೀದಿಯಲ್ಲಿ ಆಡುತ್ತ ಬಂದಿದ್ದಾರೆ. ಆರ್. ಕಲ್ಯಾಣಮ್ಮನವರು ಮಕ್ಕಳಿಗಾಗಿಯೇ ‘ಮಕ್ಕಳ ಕೂಟ’ ಕಟ್ಟಿದ್ದೂ ಇದೇ ಚಾಮರಾಜಪೇಟೆಯಲ್ಲಿ. ಇಂಥ ಕಡೆ ಒಂದು ಶಾಲೆಯಲ್ಲಿ ನಮ್ಮ ಮಗು ಕಲಾಮ್ ಆಗಿರಬಹುದು. ಆದರೆ ನಮ್ಮ ಮಕ್ಕಳೇ ಹೆಚ್ಚಿರುವ ತರಗತಿಯಲ್ಲಿ, ಮೊಹಲ್ಲಾದ ಮದ್ರಸದಲ್ಲಿ, ನಮ್ಮ ಮಗು ರಾಮನಾಥನ ಜಾಗದಲ್ಲಿ ಕೂತಿರುತ್ತದೆ. ಅಲ್ಲಿ ಹಿಂದೆ ತಳ್ಳಿಸಿಕೊಂಡ ಮಗು ಪೌರಕಾರ್ಮಿಕರದ್ದಿರಬಹುದು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರದ್ದಿರಬಹುದು. ಅನ್ಯಾಯ ನಮಗಾದಾಗ ಮಾತ್ರ ಅದನ್ನು ಅನ್ಯಾಯವೆಂದು ಗುರುತಿಸುವುದು ನ್ಯಾಯವಾಗಲಾರದು.

ಕಾನೂನು ಕೂಡ ಮಗುವಿನ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಮಾತಿನ ತೊಂದರೆ, ಕಲಿಕೆಯ ತೊಂದರೆಗಳೂ ಅದರಲ್ಲಿವೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪಾಠದಲ್ಲೂ ಆಟದಲ್ಲೂ ಸಮಾನ ಅವಕಾಶ ಕೊಡಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸ್ ಬಂತು ಎಂಬುದರ ಜೊತೆಗೆ, ಇವತ್ತು ಯಾರು ಒಬ್ಬರೇ ಕೂತು ಊಟ ಮಾಡಿದರು ಎಂದೂ ಕೇಳಿ. ಉತ್ತರ ಬಂದರೆ ಪೂರ್ತಿ ಕೇಳಿಸಿಕೊಳ್ಳಿ. ಹೊಡೆದಾಡಿ ಗೆಲ್ಲಬೇಕಿಲ್ಲ ಎಂದು ತಿಳಿಸಿ. ಪಕ್ಕದಲ್ಲಿ ಹೋಗಿ ಕೂರುವುದು, ಎಲ್ಲರೂ ನಕ್ಕಾಗ ನಗದಿರುವುದು, ಆಟಕ್ಕೆ ಕರೆಯುವುದು, ದೊಡ್ಡವರಿಗೆ ಹೇಳುವುದು, ಇವೇ ಸಾಕಷ್ಟು ಧೈರ್ಯದ ಕೆಲಸಗಳು. ದೊಡ್ಡವರಿಗೆ ಹೇಳುವುದು ಚಾಡಿಯಲ್ಲ ಎಂಬುದನ್ನೂ ಸ್ಪಷ್ಟಪಡಿಸಿ.

ನಂತರ ನಿಮ್ಮ ಸರದಿ. ತರಗತಿಯ ಎದುರು ನಿಮ್ಮ ಮಗುವಿನ ಹೆಸರು ಎಳೆಯದಂತೆ ಟೀಚರಿಗೆ ಖಾಸಗಿಯಾಗಿ ತಿಳಿಸಿ. ಸರಿಯಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಸರ್ಕಾರಿ ಶಾಲೆಯಾದರೆ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿ ಇದೆ. ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು. ಮದ್ರಸದಲ್ಲಿ ಉಸ್ತಾದರೂ ಅಡ್ಡಹೆಸರು ಬಳಸದಂತೆ ಜಮಾಅತ್ ನೋಡಿಕೊಳ್ಳಲಿ. ಆ ಮಗುವನ್ನೂ ಅದರ ತಾಯಿಯನ್ನೂ ಒಂದು ದಿನ ಮನೆಗೆ ಕರೆಯಿರಿ. ಕರುಣೆಯಿಂದಲ್ಲ, ನೆಂಟರನ್ನು ಕರೆಯುವ ಹಾಗೆ. ಅಂಧರಾಗಿದ್ದ ಇಬ್ನ್ ಉಮ್ಮಿ ಮಕ್ತೂಮ್(ರ) ಅವರಿಗೆ ಪ್ರವಾದಿ(ಸ) ಮದೀನಾದ ಮಸೀದಿಯಲ್ಲಿ ಅಝಾನ್ ಕೊಡುವ ಹೊಣೆಯನ್ನೇ ವಹಿಸಿದ್ದರು.

ರಾಮನಾಥ ಮುಂದೆ ತಂದೆಯಂತೆ ಅರ್ಚಕನಾದ, ಕಲಾಮ್ ರಾಷ್ಟ್ರಪತಿಯಾದರು. ದಾರಿಗಳು ಬೇರೆಯಾದರೂ ಆ ಕಣ್ಣೀರನ್ನು ಕಲಾಮ್ ಮರೆಯಲಿಲ್ಲ. ನಮ್ಮ ಮಕ್ಕಳನ್ನೂ ಯಾರಾದರೂ ಹೀಗೆ ನೆನೆಯುವಂತೆ ಅವರನ್ನು ಬೆಳೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.